ಗಿಡಗಂಟಿ ತೆರವಿಗೆ ಮುನ್ನ: ಮಾಘದಿಂದ ಚೈತ್ರದವರೆಗೆ ಕಾಡಂಚಿನ ದಾರಿಯ ಹೂಗಳು

ಚಳಿ ಇಳಿದು ಬಿಸಿಲು ಏರತೊಡಗುವ ಮಾಘ, ಫಾಲ್ಗುಣ, ಚೈತ್ರ ಮಾಸಗಳು ಗ್ರಾಮ ಪಂಚಾಯತಿ ಕಚೇರಿಗೆ ವರ್ಷದಲ್ಲಿಯೇ ಬಿಡುವಿಲ್ಲದ ಕಾಲ. ಮಾರ್ಚ್ 31ರೊಳಗೆ ಕಾಮಗಾರಿ ಮುಗಿಯಬೇಕು, ಅಳತೆ ಪುಸ್ತಕ ಬರೆಯಬೇಕು, ಬಿಲ್ಲು ಪಾವತಿಯಾಗಬೇಕು. ಇದೇ ದಿನಗಳಲ್ಲಿ ಊರ ಹೊರಗಿನ ಕಾಲುದಾರಿಯ ಇಕ್ಕೆಲಗಳಲ್ಲಿ, ಗೋಮಾಳದಲ್ಲಿ, ಕೆರೆಯ ಕೋಡಿಯಲ್ಲಿ, ಗುಡ್ಡದ ತಪ್ಪಲಿನಲ್ಲಿ ಎಲೆ ಉದುರಿದ ಮರಗಳು ಹೂ ಬಿಡುತ್ತವೆ. ಕಾಡಿಗೆ ಬೆಂಕಿ ಬೀಳುವುದೂ ಇದೇ ದಿನಗಳಲ್ಲಿಯೇ. ಹೂವು, ಬೆಂಕಿ ಮತ್ತು ವರ್ಷಾಂತ್ಯದ ಕಾಮಗಾರಿ ಈ ಮೂರೂ ಒಂದೇ ಹತ್ತು ವಾರಗಳಲ್ಲಿ ಕೂಡುವುದರಿಂದ ಏನಾಗುತ್ತದೆ, ಅದರಲ್ಲಿ ಪಂಚಾಯತಿ ಸದಸ್ಯರು ಮಾಡಬಹುದಾದುದೇನು ಎಂಬುದು ಈ ಪಾಠದ ವಿಷಯ.

ಉದಾಹರಣೆಗಳನ್ನು ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳ ಎಲೆ ಉದುರುವ ಕಾಡಿನಿಂದ, ಅಂದರೆ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಬಂಡೀಪುರದ ಸುತ್ತಣ ಊರುಗಳ ಕಡೆಯಿಂದ ಆರಿಸಿಕೊಳ್ಳಲಾಗಿದೆ. ಅರೆಮಲೆನಾಡಿನ ಇತರ ತಾಲ್ಲೂಕುಗಳಿಗೂ ಇವುಗಳಲ್ಲಿ ಹೆಚ್ಚಿನವು ಒಪ್ಪುತ್ತವೆ. ಮಲೆನಾಡಿನ ನಿತ್ಯಹರಿದ್ವರ್ಣ ಕಾಡಿನ ಅಶೋಕ, ಸುರಗಿ, ನಾಗಸಂಪಿಗೆಗಳೂ ಇದೇ ಕಾಲದಲ್ಲಿ ಹೂ ಬಿಡುತ್ತವೆಯಾದರೂ ಅವುಗಳ ಕಥೆ ಬೇರೆ.

ಬೋಳು ಮರದಲ್ಲಿ ಹೂವೇಕೆ

ಎಲೆ ಉದುರುವ ಕಾಡಿನಲ್ಲಿ ಮಳೆಗಾಲ ಮುಗಿದು ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಮೇಲ್ಮಣ್ಣಿನ ತೇವ ಆರುತ್ತದೆ. ಎಲೆಯ ಮೂಲಕವೇ ಮರದ ನೀರು ಹೆಚ್ಚಾಗಿ ಹೊರಹೋಗುವುದರಿಂದ ಮರ ಎಲೆಯನ್ನು ಕಳಚಿ ನೀರನ್ನು ಉಳಿಸಿಕೊಳ್ಳುತ್ತದೆ. ಕಾಂಡದಲ್ಲಿ ಉಳಿದ ಮತ್ತು ಆಳದ ಬೇರು ತಂದ ನೀರಿನಿಂದಲೇ ಮೊಗ್ಗು ಹೊರಡುತ್ತದೆ. ಎಲೆಯ ಮರೆ ಇಲ್ಲದಿರುವುದರಿಂದ ಹೂವು ದೂರಕ್ಕೆ ಕಾಣುತ್ತದೆ. ಹಕ್ಕಿಗೂ ಜೇನಿಗೂ ಅದೇ ಬೇಕು. ಈಗ ಹೂವಾದುದು ಬಿಸಿಲಿನಲ್ಲಿ ಕಾಯಿಕಟ್ಟಿ ಬಲಿತು, ಮುಂಗಾರಿನ ಹೊತ್ತಿಗೆ ಬೀಜವಾಗಿ ನೆಲಕ್ಕೆ ಬೀಳುತ್ತದೆ. ಮೊದಲ ಮಳೆಗೆ ಮೊಳೆಯುತ್ತದೆ. ಆದುದರಿಂದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೋಳಾಗಿ, ಒಣಗಿದಂತೆ ನಿಂತ ಮರ ಸತ್ತ ಮರವಲ್ಲ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಕಾಮಗಾರಿ ಸ್ಥಳದಲ್ಲಿ ಎಷ್ಟೋ ಮರಗಳು ಉಳಿಯುತ್ತವೆ. ‘ಒಣಗಿದ ಮರ’ ಎಂದು ಪಂಚನಾಮೆಯಲ್ಲಿ ಬರೆಯುವ ಮುನ್ನ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡಿದರೆ ಸಾಕು.

ಮುತ್ತುಗದಿಂದ ಆರಂಭಿಸುವುದು ಯುಕ್ತ. ಅದು ದಟ್ಟ ಕಾಡಿನ ಮರವಲ್ಲ. ಗೋಮಾಳ, ಹೊಲದ ಬದು, ಕೆರೆಯ ಹಿನ್ನೀರಿನ ಅಂಚು, ಎರೆಮಣ್ಣು, ಚೌಳು ನೆಲ ಇವೆಲ್ಲ ಅದರ ನೆಲೆಗಳು. ಹೀಗಾಗಿ ಅರಣ್ಯ ಇಲಾಖೆಯ ಗಡಿಯ ಒಳಗಿರುವುದಕ್ಕಿಂತ ಪಂಚಾಯತಿಯ ಕಣ್ಣಳತೆಯಲ್ಲಿ ಬೆಳೆಯುವ ಮುತ್ತುಗವೇ ಹೆಚ್ಚು. ಕಪ್ಪು ಮಖಮಲ್ಲಿನಂಥ ಪುಷ್ಪಪಾತ್ರೆಯಿಂದ ಗಿಳಿಯ ಕೊಕ್ಕಿನಂತೆ ಬಾಗಿದ ಕೇಸರಿ ಹೂವು ಹೊರಬರುತ್ತದೆ. ಹೂವಿನ ಬುಡದಲ್ಲಿ ಮಕರಂದವಿರುತ್ತದೆ. ಅದನ್ನು ಹೀರಲು ಸೂರಕ್ಕಿ, ಗೊರವಂಕ, ಪಿಕಳಾರ, ಗಿಳಿ, ಅಳಿಲು ಬರುತ್ತವೆ. ಬರುವಾಗ ಪರಾಗವನ್ನು ಹೊತ್ತು ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತವೆ. ಕಾಯಿ ಚಪ್ಪಟೆ, ಅದರ ತುದಿಯಲ್ಲಿ ಒಂದೇ ಒಂದು ಬೀಜ. ಇದರ ಸಸ್ಯಶಾಸ್ತ್ರೀಯ ಹೆಸರಾದ ಬ್ಯೂಟಿಯ ಮೊನೊಸ್ಪರ್ಮದಲ್ಲಿ ಎರಡನೆಯ ಪದಕ್ಕೆ ಒಂದೇ ಬೀಜದ್ದು ಎಂದೇ ಅರ್ಥ.

ಊರಿನ ಲೆಕ್ಕದಲ್ಲಿ ಮುತ್ತುಗ ಎಲೆಯ ಮರ. ಮೂರೆಲೆಗಳ ಗೊಂಚಲನ್ನು ಕೊಯ್ದು, ಕಡ್ಡಿ ಚುಚ್ಚಿ ಊಟದ ಎಲೆ ಕಟ್ಟುವ ಕೆಲಸ ಹಳ್ಳಿಯ ಹೆಂಗಸರಿಗೆ ಬೇಸಿಗೆಯ ಆದಾಯ. ಹೂವಿನ ಬಣ್ಣ ಕಾಮನ ಹಬ್ಬಕ್ಕೆ. ಅರಗಿನ ಹುಳುವನ್ನು ಸಾಕುವ ಮರಗಳಲ್ಲಿ ಇದೂ ಒಂದು. ತೊಗಟೆಯಿಂದ ಒಸರುವ ಕೆಂಪು ಅಂಟು ನಾಟಿ ಔಷಧಕ್ಕೆ ಬರುತ್ತದೆ. ಇಷ್ಟೆಲ್ಲ ಇದ್ದರೂ ಅಂದಾಜು ಪಟ್ಟಿಯಲ್ಲಿ ಮುತ್ತುಗಕ್ಕೆ ಬೆಲೆ ಇಲ್ಲ. ಅದರ ದಿಮ್ಮಿ ಮಾರಾಟಕ್ಕೆ ಬರುವಂಥದಲ್ಲ. ಆದುದರಿಂದ ಅಂದಾಜು ಪಟ್ಟಿಯ ದೃಷ್ಟಿಯಲ್ಲಿ ಅದು ಮರವೇ ಅಲ್ಲ.

ಬೂರುಗದ ಸಂಗತಿ ಬೇರೆ. ಎತ್ತರದ, ನೇರವಾದ, ಎಳೆಯದರಲ್ಲಿ ಮುಳ್ಳು ತುಂಬಿದ ಕಾಂಡ. ಅಂಗೈ ಅಗಲದ, ಐದು ದಪ್ಪ ಎಸಳಿನ ಕೆಂಪು ಹೂವು. ಬಟ್ಟಲಿನಂಥ ಹೂವಿನಲ್ಲಿ ಮಕರಂದ ಹೇರಳ; ಬೆಳಗಿನಲ್ಲಿ ಒಂದು ಬೂರುಗದ ಕೆಳಗೆ ಅರ್ಧ ಗಂಟೆ ನಿಂತರೆ ಊರಿನ ಸುತ್ತ ಯಾವ ಹಕ್ಕಿಗಳಿವೆ ಎಂಬ ಪಟ್ಟಿಯನ್ನು ಬಹುಪಾಲು ಬರೆದು ಮುಗಿಸಬಹುದು. ಬಿದ್ದ ಹೂವನ್ನು ಜಿಂಕೆಗಳು ಆಯ್ದು ತಿನ್ನುತ್ತವೆ. ಹುಲ್ಲು ಒಣಗಿದ ಕಾಲದಲ್ಲಿ ಅವಕ್ಕೆ ಅದು ಹಸಿಯಾದ ಆಹಾರ. ಏಪ್ರಿಲ್ ಹೊತ್ತಿಗೆ ಕಾಯಿ ಒಡೆದು ಹತ್ತಿ ಹಾರುತ್ತದೆ, ಹತ್ತಿಯ ಜೊತೆ ಬೀಜವೂ. ಬೆಂಕಿಕಡ್ಡಿ ಕಾರ್ಖಾನೆಗಳಿಗೆ ಬೂರುಗದ ಮೆದು ಮರ ಬೇಕಾಗಿರುವುದರಿಂದ ಖಾಸಗಿ ಜಮೀನಿನಲ್ಲಿರುವ ದೊಡ್ಡ ಮರಗಳಿಗೆ ಗಿರಾಕಿಗಳು ತಪ್ಪದೆ ಬರುತ್ತಾರೆ.

ಬೂರುಗ, ಮುತ್ತುಗಗಳ ಜೊತೆಗೆ ಬೇಲಿಯ ಹಾಲುವಾಣವೂ ಕೆಂಪಾಗುತ್ತದೆ. ಬಳಿಕ ಕಲ್ಲುಬಂಡೆಯ ಒಣ ಗುಡ್ಡಗಳಲ್ಲಿ ಅರಿಶಿನ ಬೂರುಗದ ಹೊಳೆಯುವ ಹಳದಿ. ಅಂಕೋಲೆಯ ಬಿಳಿ ಹೂವು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಶಿವನೆಯ ಕಂದು ಹಳದಿ ಹೂವು ಮರದ ಬುಡದಲ್ಲಿ ಉದುರಿ ಹಾಸುತ್ತದೆ. ದಶಮೂಲದ ಹತ್ತು ಬೇರುಗಳಲ್ಲಿ ಶಿವನೆಯದೂ ಒಂದು. ಕವಲು ಮರ ರಾತ್ರಿ ಅರಳಿ ಬೆಳಗಾಗುವಾಗ ಹೂ ಉದುರಿಸುವುದರಿಂದ ಅದನ್ನು ಅರಳಿದ ಸ್ಥಿತಿಯಲ್ಲಿ ಕಂಡವರು ಕಡಿಮೆ. ಹಿಪ್ಪೆಯೂ ಹಾಗೆಯೇ, ಅದಕ್ಕೆ ಬಾವಲಿಗಳೇ ನೆಂಟರು. ದಾರಿಬದಿಯಲ್ಲಿ ಹಿಂದಿನವರು ನೆಟ್ಟ ಹಿಪ್ಪೆಯ ಸಾಲುಗಳು ಕೆಲವೆಡೆ ಇನ್ನೂ ಇವೆ. ಅವುಗಳ ಬೀಜದ ಎಣ್ಣೆ ಒಂದು ಕಾಲದಲ್ಲಿ ಗುಡಿಯ ದೀಪಕ್ಕೆ ಆಗುತ್ತಿತ್ತು. ಯುಗಾದಿ ಸಮೀಪಿಸಿದಂತೆ ಹೊಂಗೆ ಚಿಗುರುತ್ತದೆ, ಬೇವು ಹೂವಾಗುತ್ತದೆ. ಆ ಮೇಲೆ ಕಕ್ಕೆ. ಈ ಸಾಲು ಪ್ರತಿ ವರ್ಷ ಒಂದೇ ದಿನಾಂಕಕ್ಕೆ ನಡೆಯುವುದಿಲ್ಲ. ಹಿಂದಿನ ಮಳೆ, ಊರಿನ ಎತ್ತರ, ಮಣ್ಣು ಇವುಗಳನ್ನು ಅನುಸರಿಸಿ ಎರಡು ಮೂರು ವಾರಗಳ ವ್ಯತ್ಯಾಸವಾಗುತ್ತದೆ.

ಪೊದೆಯಲ್ಲಿರುವುದು

ಮರಕ್ಕೆ ಕಾನೂನಿನ ಆಸರೆ ಸ್ವಲ್ಪವಾದರೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು, ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪೊದೆಗೆ ಆ ಆಸರೆಯೂ ಇಲ್ಲ. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ‘ಗಿಡಗಂಟಿ ತೆರವು’ ಅಥವಾ ‘ಜಂಗಲ್ ಕಟಿಂಗ್’ ಎಂಬ ಒಂದು ಸಾಲು ಇರುತ್ತದೆ. ಇಷ್ಟು ಚದರ ಮೀಟರಿಗೆ ಇಷ್ಟು ದರ. ಆ ಚದರ ಮೀಟರುಗಳಲ್ಲಿ ಏನಿತ್ತು ಎಂಬ ಪ್ರಶ್ನೆ ಪಟ್ಟಿಯಲ್ಲಿ ಇರುವುದಿಲ್ಲ. ಜೆಸಿಬಿ ಒಂದು ಮಧ್ಯಾಹ್ನದಲ್ಲಿ ದಾರಿಯ ಎರಡೂ ಬದಿ ಸವರಿಕೊಂಡು ಹೋಗುತ್ತದೆ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಈ ಸಾಲಿನ ವೆಚ್ಚ ಬೇಗ ಮುಗಿಯುವಂಥದಾದುದರಿಂದ ಅದಕ್ಕೆ ಆದ್ಯತೆಯೂ ದೊರೆಯುತ್ತದೆ.

ಆ ಬದಿಗಳಲ್ಲಿ ಇರಬಹುದಾದುದು ಧಾತಕಿ. ತಾಮ್ರಪುಷ್ಪಿ ಎಂದೂ ಕರೆಯುವ ಈ ಪೊದೆಯ ಬಾಗಿದ ಕೊಂಬೆಗಳ ಉದ್ದಕ್ಕೂ ಕೆಂಪು ಕೊಳವೆಯಂಥ ಹೂಗಳು ಬಿಡುತ್ತವೆ. ಆಯುರ್ವೇದದ ಆಸವ ಮತ್ತು ಅರಿಷ್ಟಗಳು ಹುದುಗಲು ಈ ಹೂವನ್ನು ಹಾಕುತ್ತಾರೆ. ಔಷಧ ತಯಾರಕರ ಬೇಡಿಕೆ ನಿರಂತರ. ಕಾರೆಯ ಪೊದೆ ಮುಳ್ಳೆಂದು ತೆಗೆಯಲ್ಪಡುತ್ತದೆ, ಆದರೆ ಅದೇ ಮುಳ್ಳಿನ ಮರೆಯಲ್ಲಿ ದನ ಬಾಯಿ ಹಾಕದಂತೆ ಶಿವನೆ, ಹೊಂಗೆ, ಬೇವುಗಳ ಸಸಿಗಳು ಎದೆಯೆತ್ತರ ಬೆಳೆಯುತ್ತವೆ. ಮುಳ್ಳುಕಂಟಿ ತೆಗೆದ ಕಡೆ ಮೂರು ವರ್ಷಗಳ ನಂತರ ವನಮಹೋತ್ಸವದ ಗುಂಡಿ ತೋಡಿ, ಸಸಿ ನೆಟ್ಟು, ಅದಕ್ಕೆ ಮುಳ್ಳಿನ ಬೇಲಿ ಕಟ್ಟುವ ವೆಚ್ಚವನ್ನು ಅದೇ ಪಂಚಾಯತಿ ಭರಿಸಬೇಕಾಗುತ್ತದೆ.

ತೆಗೆಯಬೇಕಾದುದು ಇಲ್ಲವೆಂದಲ್ಲ. ಲಂಟಾನ ಉಷ್ಣವಲಯದ ಅಮೆರಿಕದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಬಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡಿನ ಕೆಳಸ್ತರವನ್ನು ಬಹುಮಟ್ಟಿಗೆ ಆವರಿಸಿದೆ. ಅದರ ಕೆಳಗೆ ಹುಲ್ಲು ಬೆಳೆಯದು, ಸಸಿ ಏಳದು. ಬೇಲಿಯಲ್ಲಿ ಈ ತಿಂಗಳು ತಿಳಿಗುಲಾಬಿ ಹೂ ತುಂಬಿಕೊಳ್ಳುವ ಗೊಬ್ಬರದ ಗಿಡವೂ ಹೊರಗಿನದೇ, ಮಧ್ಯ ಅಮೆರಿಕದ್ದು. ಆದರೆ ಅದು ರೈತರಿಗೆ ಹಸಿರೆಲೆ ಗೊಬ್ಬರ ಕೊಡುತ್ತದೆ, ಕಾಡನ್ನು ಲಂಟಾನದಂತೆ ನುಂಗುವುದಿಲ್ಲ. ಹೀಗೆ ಹೂವೆಂದ ಮಾತ್ರಕ್ಕೆ ಎಲ್ಲವೂ ಉಳಿಯಬೇಕೆಂದಾಗಲಿ, ಕಂಟಿಯೆಂದ ಮಾತ್ರಕ್ಕೆ ಎಲ್ಲವೂ ಹೋಗಬೇಕೆಂದಾಗಲಿ ಇಲ್ಲ. ಯಾವುದು ಯಾವುದೆಂದು ಗುರುತಿಸಿದ ಮೇಲೆ ‘ಲಂಟಾನ ಬುಡಸಹಿತ ತೆರವು’ ಎಂದು ಅಂದಾಜು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಬಹುದು. ಕಿತ್ತ ಲಂಟಾನದ ಕಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಿ ಮಾರಿರುವುದು ಉಂಟು.

ಹೂವು ಬಿಟ್ಟ ಕಾಲದಲ್ಲಿ ಗುರುತಿಸುವುದು ಸುಲಭ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಆಗಸ್ಟ್ ತಿಂಗಳಲ್ಲಿ ದಾರಿಯ ಬದಿ ಒಂದೇ ಹಸಿರು ಗೋಡೆ; ಸಸ್ಯಶಾಸ್ತ್ರ ಓದಿದವರೂ ತಡವರಿಸುತ್ತಾರೆ. ಮಾರ್ಚ್ ಮೊದಲ ವಾರದಲ್ಲಿ ಅದೇ ದಾರಿಯಲ್ಲಿ ಐದನೆಯ ತರಗತಿಯ ಮಗುವೂ ಮುತ್ತುಗವೆಷ್ಟು, ಬೂರುಗವೆಷ್ಟು ಎಂದು ಎಣಿಸಬಲ್ಲದು.

ಬೆಂಕಿ

ಕಾಡಿನ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳುವುದು ಅತಿ ವಿರಳ. ಎಸೆದ ಬೀಡಿ, ಜೇನು ಕೀಳುವಾಗಿನ ಪಂಜು, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಕೆಲವೊಮ್ಮೆ ದ್ವೇಷ. ಇವುಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕು. ದಾರಿ ಸವರಿದ ಕಸವನ್ನು ಅಲ್ಲಿಯೇ ರಾಶಿ ಹಾಕಿ ಸುಡುವುದು. ಸಂಜೆ ನಂದಿದಂತೆ ಕಂಡ ರಾಶಿ ಮರುದಿನ ಮಧ್ಯಾಹ್ನದ ಗಾಳಿಗೆ ಮತ್ತೆ ಏಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಸಾವಿರಾರು ಎಕರೆಗೆ ಹಬ್ಬಿದಾಗ ಒಣಗಿ ನಿಂತಿದ್ದ ಲಂಟಾನವೇ ಅದಕ್ಕೆ ಸೌದೆಯಾಯಿತು. ಕಾಡಂಚಿನ ಕಾಮಗಾರಿಯಲ್ಲಿ ಸವರಿದ ಕಸವನ್ನು ಸುಡಬಾರದು, ಹೊತ್ತು ಸಾಗಿಸಬೇಕು ಎಂಬ ಷರತ್ತನ್ನು ಕಾರ್ಯಾದೇಶದಲ್ಲಿ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಬೆಂಕಿಯ ನಷ್ಟ ಹೂವಿನ ಕಾಲದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆರೇಳು ತಿಂಗಳ ನಂತರ ಬುಟ್ಟಿಯಲ್ಲಿ ಕಾಣುತ್ತದೆ. ಬೆಟ್ಟದ ನೆಲ್ಲಿಯನ್ನು ನೋಡಿದರೆ ಇದು ತಿಳಿಯುತ್ತದೆ. ಅದರ ಹೂವು ಸಾಸಿವೆ ಗಾತ್ರದ್ದು, ಹಸಿರು ಮಿಶ್ರಿತ ಹಳದಿ, ಎಳೆಯ ರೆಂಬೆಗೆ ಅಂಟಿಕೊಂಡಂತೆ ಇರುತ್ತದೆ. ಒಂದೇ ಮರದಲ್ಲಿ ಗಂಡು ಹೂವು ಬಹಳ, ಹೆಣ್ಣು ಹೂವು ಕೆಲವು. ಜೇನು ಮತ್ತಿತರ ಹುಳಗಳು ಬಂದರೆ ಮಾತ್ರ ಕಾಯಿ. ಕಾಯಿ ಕಟ್ಟಿದರೂ ಮಳೆಗಾಲದವರೆಗೆ ಅದು ಕಾಣುವಷ್ಟು ದಪ್ಪವಾಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಎತ್ತರಕ್ಕೆ ಎದ್ದ ಬೆಂಕಿ ಆ ರೆಂಬೆಗಳನ್ನು ಸುಟ್ಟರೆ ನವೆಂಬರ್, ಡಿಸೆಂಬರಿನಲ್ಲಿ ನೆಲ್ಲಿಕಾಯಿ ಇರುವುದಿಲ್ಲ. ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕಾಯಿ ಹಾಕಿ ಹಣ ಪಡೆಯುವ ಸೋಲಿಗ ಕುಟುಂಬಕ್ಕೆ ಆ ವರ್ಷದ ಆದಾಯದ ಒಂದು ಭಾಗ ಇರುವುದಿಲ್ಲ. ಹೆಜ್ಜೇನೂ ಹೂವಿನ ಹಿಂದೆಯೇ ಬೆಟ್ಟಕ್ಕೆ ಬರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಜೇನಿನ ಸುಗ್ಗಿ ಈಗಿನ ಹೂವಿನಿಂದ ಆದದ್ದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ‘ತರಗು ಬೆಂಕಿ’ಯ ಮಾತನ್ನು ಹೇಳುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲಿಯೇ, ತರಗೆಲೆ ತೆಳುವಾಗಿರುವಾಗ, ಮೊಣಕಾಲು ಮೀರದ ಬೆಂಕಿಯನ್ನು ಹಾಯಿಸುತ್ತಿದ್ದರೆಂದೂ, ಅದು ನಿಂತ ಮೇಲೆ ಲಂಟಾನವೂ ನೆಲ್ಲಿಯ ಮರವನ್ನು ಹಿಂಡುವ ಬದನಿಕೆಯೂ ಹೆಚ್ಚಿದವೆಂದೂ ಅವರ ಅನುಭವ. ಸಂರಕ್ಷಿತ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಇಂದು ಅಪರಾಧ. ಅದಕ್ಕೆ ಅನುಮತಿ ನೀಡುವ ಅಧಿಕಾರ ಪಂಚಾಯತಿಗೆ ಇಲ್ಲ. ಆದರೆ ಕಾಡಿನೊಡನೆ ತಲೆಮಾರುಗಳು ಬಾಳಿದವರ ಈ ತಿಳಿವಳಿಕೆ ಬರಹದಲ್ಲಿ ಉಳಿಯಬೇಕಾದುದು, ಮುಂದೆ ಇಲಾಖೆಯೊಡನೆ ಚರ್ಚೆಗೆ ಆಧಾರವಾಗಬಲ್ಲದು. ಅದನ್ನು ಬರೆಯುವ ಸ್ಥಳವೂ ಪಂಚಾಯತಿಯಲ್ಲಿ ಈಗಾಗಲೇ ಇದೆ.

ದಾಖಲಾತಿ ಪುಸ್ತಕ

2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಸ್ಥಳೀಯ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಮತ್ತು ನಿರ್ವಹಿಸುವುದು ಆ ಸಮಿತಿಯ ಪ್ರಮುಖ ಕೆಲಸ. ಇಂಥ ದಾಖಲಾತಿಯ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಮಾಧವ ಗಾಡ್ಗೀಳರು ಪ್ರಮುಖರು. ಕಾಡಿನ ಜ್ಞಾನ ಇರುವುದು ಊರಿನವರಲ್ಲಿ, ಬರೆಯಬೇಕಾದವರೂ ಅವರೇ ಎಂಬುದು ಆ ಕಲ್ಪನೆಯ ತಿರುಳು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ 2020ರ ಜನವರಿ 31ರ ಗಡುವನ್ನು ವಿಧಿಸಿದಾಗ ದಾಖಲಾತಿಯ ಕೆಲಸ ಅವಸರದಲ್ಲಿ ನಡೆಯಿತು. ಅವಸರದ ಪುಸ್ತಕದ ಗುರುತು ಸುಲಭ. ಅಕ್ಕಪಕ್ಕದ ಪಂಚಾಯತಿಗಳ ಪಟ್ಟಿ ಒಂದೇ ಆಗಿರುತ್ತದೆ. ಮಾವು, ಹಲಸು, ಬೇವು, ತೆಂಗು ಎಂದು ಆರಂಭವಾಗಿ, ಎಲ್ಲಿ, ಎಷ್ಟು, ಯಾವ ಕಾಲದಲ್ಲಿ ಎಂಬ ಅಂಕಣಗಳು ಖಾಲಿ ಇರುತ್ತವೆ. ಒಂದು ಸಲ ಸಿದ್ಧವಾದ ಪುಸ್ತಕ ಮುಗಿದ ಕೆಲಸವೆಂಬ ಭಾವನೆ ತಪ್ಪು. ಅದನ್ನು ಕಾಲಕಾಲಕ್ಕೆ ತಿದ್ದಿ ಬೆಳೆಸಲು ಸಮಿತಿಗೆ ಅವಕಾಶವಿದೆ, ಬೆಳೆಸಬೇಕೆಂಬುದೇ ಉದ್ದೇಶ.

ಈ ಖಾಲಿ ಅಂಕಣಗಳಿಂದ ಆಗುವ ನಷ್ಟ ಕಾಗದದ ಮೇಲಿನದಷ್ಟೇ ಅಲ್ಲ. ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲವನ್ನು ಸಂಗ್ರಹಿಸುವವರಿಂದ ಶುಲ್ಕ ಪಡೆಯಲು ಕಾಯ್ದೆಯ ಅದೇ 41ನೇ ಕಲಂ ಸಮಿತಿಗೆ ಅವಕಾಶ ನೀಡುತ್ತದೆ. ಧಾತಕಿ ಹೂವನ್ನು ಲಾರಿಯಲ್ಲಿ ಒಯ್ಯುವ ವ್ಯಾಪಾರಿಯ ಮುಂದೆ ಪಂಚಾಯತಿ ಶುಲ್ಕದ ಮಾತು ಎತ್ತಬೇಕಾದರೆ, ತನ್ನ ವ್ಯಾಪ್ತಿಯಲ್ಲಿ ಧಾತಕಿ ಇದೆ ಎಂದಾದರೂ ಅದರ ಪುಸ್ತಕದಲ್ಲಿ ಇರಬೇಡವೇ? ವಿಶಿಷ್ಟ ತಾಣಗಳನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ರಾಜ್ಯ ಸರ್ಕಾರ ಘೋಷಿಸಬಹುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ಹಾಗೆ ಘೋಷಿತವಾದ ದೇಶದ ಮೊದಲ ತಾಣ. ಅದೂ ಒಂದು ಹಳ್ಳಿಯ ಬದಿಯ ಹಳೆಯ ಮರಗಳ ತೋಪೇ ಆಗಿತ್ತು.

ದಾರಿ ನಡೆಯುವ ಕ್ರಮ

ಊರಿನಿಂದ ಗುಡ್ಡದ ಗುಡಿಯವರೆಗೆ ಎರಡು ಕಿಲೋಮೀಟರ್ ಕಾಲುದಾರಿ ಇದೆ ಎಂದಿಟ್ಟುಕೊಳ್ಳೋಣ. ಶಿವರಾತ್ರಿಯ ಹೊತ್ತಿಗೆ ಒಂದು ಸಲ, ಕಾಮನ ಹುಣ್ಣಿಮೆಗೆ ಒಂದು ಸಲ, ಯುಗಾದಿ ಕಳೆದು ಒಂದು ಸಲ, ಹೀಗೆ ಮೂರು ನಡಿಗೆ ಸಾಕು. ಆನೆ ಓಡಾಡುವ ಪ್ರದೇಶವಾದರೆ ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಅರಣ್ಯ ರಕ್ಷಕರಿಗೆ ತಿಳಿಸಿ, ಅವರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು; ಅರಣ್ಯ ಗಡಿಯೊಳಗೆ ಇಲಾಖೆಯ ಅನುಮತಿ ಇಲ್ಲದೆ ಕಾಲಿಡತಕ್ಕದ್ದಲ್ಲ.

ಜೊತೆಗೆ ಯಾರು ಎಂಬುದು ಹೂವಿಗಿಂತ ಮುಖ್ಯ. ವಾರ್ಡಿನ ಸದಸ್ಯರು, ಶಾಲೆಯ ಒಬ್ಬ ಶಿಕ್ಷಕರು, ನಾಲ್ಕಾರು ಮಕ್ಕಳು ಸಾಮಾನ್ಯವಾಗಿ ಬರುತ್ತಾರೆ. ಬರಲೇಬೇಕಾದವರು ಬೇರೆ ಇದ್ದಾರೆ. ದನ ಕಾಯುವವರು, ಎಲೆ ಕೊಯ್ಯುವ ಹೆಂಗಸರು, ಜೇನು ಕೀಳುವವರು, ನಾಟಿ ವೈದ್ಯರು. ಇವರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಮಾತನಾಡದೆ ಹೋಗುವವರು; ದಾರಿಯಲ್ಲಿ ಮಾತ್ರ ಅವರೇ ಮುಂದೆ ನಡೆಯುತ್ತಾರೆ. ಅವರಿಗೆ ಒಂದು ದಿನದ ಕೂಲಿ ತಪ್ಪುತ್ತದೆ ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಗಮನದಲ್ಲಿಟ್ಟು, ಸಮಿತಿಯ ನಿಧಿಯಿಂದ ಅದನ್ನು ತುಂಬಿಕೊಡುವ ಕುರಿತು ಮೊದಲೇ ಠರಾವು ಮಾಡಿಸುವುದು ನ್ಯಾಯ.

ಬರೆಯುವಾಗ ಊರಿನ ಹೆಸರು ಮೊದಲು. ಒಂದೇ ಗಿಡಕ್ಕೆ ಸೋಲಿಗರ ಹೆಸರು ಒಂದು, ಬಯಲಿನವರ ಹೆಸರು ಇನ್ನೊಂದು ಇದ್ದರೆ ಎರಡನ್ನೂ ಬರೆಯಬೇಕು. ಸಸ್ಯಶಾಸ್ತ್ರೀಯ ಹೆಸರನ್ನು ಆಮೇಲೆ ಕಾಲೇಜಿನ ಅಧ್ಯಾಪಕರಿಂದಲೋ ಅರಣ್ಯ ಇಲಾಖೆಯವರಿಂದಲೋ ತಿಳಿದು ಸೇರಿಸಬಹುದು. ನಮೂದು ಹೇಗಿರಬೇಕೆಂಬುದಕ್ಕೆ ಒಂದು ಮಾದರಿ: ‘ಮುತ್ತುಗ. ಗೋಮಾಳದ ಕೆರೆಕೋಡಿಯಿಂದ ಮೊದಲ ಸೇತುವೆಯವರೆಗೆ ದಾರಿಯ ಎಡಕ್ಕೆ ಹನ್ನೊಂದು, ಬಲಕ್ಕೆ ನಾಲ್ಕು. ಶಿವರಾತ್ರಿಯಂದು ಒಂಬತ್ತರಲ್ಲಿ ಪೂರ್ಣ ಹೂವು, ಉಳಿದವು ಮೊಗ್ಗು. ಸೇತುವೆಯ ಬಳಿಯ ಎರಡು ಮರಗಳ ಎಲೆ ಕೊಯ್ದು ಕೊಯ್ದು ರೆಂಬೆ ಉಳಿದಿಲ್ಲ, ಹೂವೂ ಇಲ್ಲ. ಎಲೆ ಕೊಯ್ಯುವವರು ಆರು ಮನೆಯವರು. ಎಳೆಯ ಸಸಿ ಒಂದೂ ಕಾಣಲಿಲ್ಲ.’ ಇದರಲ್ಲಿ ಕೊನೆಯ ವಾಕ್ಯವೇ ಅತ್ಯಂತ ಬೆಲೆಯುಳ್ಳದ್ದು. ಹೂವು ತುಂಬಿದ ಮುದಿ ಮರಗಳಷ್ಟೇ ಇದ್ದು ಸಸಿ ಇಲ್ಲದ ದಾರಿಯಲ್ಲಿ ಮೊಮ್ಮಕ್ಕಳ ಕಾಲಕ್ಕೆ ಆ ಜಾತಿ ಇರುವುದಿಲ್ಲ. ಮೇಯುವ ಹಸು, ಬೆಂಕಿ, ಜೆಸಿಬಿ ಇವುಗಳಲ್ಲಿ ಕಾರಣ ಯಾವುದೆಂದು ಆಗ ಹುಡುಕಬಹುದು.

ಎಲ್ಲವನ್ನೂ ಬರೆಯಬಾರದೆಂಬುದನ್ನೂ ತಿಳಿದಿರಬೇಕು. ಉಪ್ಪಿನಕಾಯಿಗೆ ಬೇಡಿಕೆಯಿರುವ ಮಾಕಳಿ ಬೇರು ಬೆಟ್ಟಗಳಲ್ಲಿ ಅಗೆದು ಅಗೆದು ಕಡಿಮೆಯಾಗಿದೆ. ಅದು ಉಳಿದಿರುವ ಬಂಡೆಯ ಸಂದನ್ನು ಎಲ್ಲರೂ ನೋಡುವ ಪುಟದಲ್ಲಿ ಬರೆದರೆ ಅಗೆಯುವವನಿಗೆ ದಾರಿ ತೋರಿದಂತೆ. ನಾಟಿ ವೈದ್ಯರು ಹೇಳಿದ ಔಷಧದ ಕ್ರಮವೂ ಅವರ ಒಪ್ಪಿಗೆಯಿಲ್ಲದೆ ಪುಸ್ತಕಕ್ಕೆ ಹೋಗತಕ್ಕದ್ದಲ್ಲ. ಇವನ್ನು ಗೋಪ್ಯವಾಗಿ ಇಡಲು ಸಮಿತಿ ವ್ಯವಸ್ಥೆ ಮಾಡಿಕೊಳ್ಳಬೇಕು.

ನಿಸರ್ಗ ಪಥದ ಪ್ರಸ್ತಾವ ಬಂದಾಗ

ಇತ್ತೀಚೆಗೆ ಪ್ರವಾಸಿಗರಿಗಾಗಿ ಇಂಥ ಕಾಲುದಾರಿಗಳನ್ನು ‘ನಿಸರ್ಗ ಪಥ’ವೆಂದು ಅಭಿವೃದ್ಧಿಪಡಿಸುವ ಪ್ರಸ್ತಾವಗಳು ಕ್ರಿಯಾಯೋಜನೆಯಲ್ಲಿ ಕಾಣಿಸಿಕೊಳ್ಳುತ್ತಿವೆ. ಉದ್ದೇಶ ಒಳ್ಳೆಯದು. ಆದರೆ ಅಂದಾಜು ಪಟ್ಟಿ ತೆರೆದರೆ ಇಂಟರ್‌ಲಾಕ್ ಕಲ್ಲು, ಕಾಂಕ್ರೀಟ್ ಅಂಚು, ಸಿಮೆಂಟಿನ ಜಿಂಕೆ, ವಿದ್ಯುದ್ದೀಪದ ಕಂಬ, ಬೋಗನ್‌ವಿಲ್ಲಾ ಸಾಲು. ಹೂವು ನೋಡಲು ಬಂದವರು ಮೊದಲು ಹೂವಿನ ನೆಲವನ್ನೇ ಮುಚ್ಚಿದಂತಾಗುತ್ತದೆ. ಅರಣ್ಯ ಭೂಮಿಯಲ್ಲಿ ಇಂಥ ನಿರ್ಮಾಣಕ್ಕೆ ಅರಣ್ಯ ಸಂರಕ್ಷಣೆಯ 1980ರ ಕಾಯ್ದೆ ಅಡ್ಡ ಬರುತ್ತದೆ. ಗೋಮಾಳದಲ್ಲಿ ಮತ್ತು ಗ್ರಾಮದ ದಾರಿಯಲ್ಲಿ ತಡೆಯಬೇಕಾದವರು ಸದಸ್ಯರೇ. ಇಬ್ಬರು ಎದುರುಬದುರಾಗಿ ನಡೆಯುವಷ್ಟು ಅಗಲದ ಮಣ್ಣಿನ ದಾರಿ, ಮಳೆನೀರು ಕೊರೆಯುವಲ್ಲಿ ಕಲ್ಲಿನ ಮೆಟ್ಟಿಲು, ಮರಕ್ಕೆ ಮೊಳೆ ಹೊಡೆಯದೆ ನೆಲದಲ್ಲಿ ನೆಟ್ಟ ಕನ್ನಡದ ನಾಮಫಲಕ. ಇಷ್ಟಕ್ಕೆ ಆಗುವ ವೆಚ್ಚ ಕಾಂಕ್ರೀಟಿನ ಪಥಕ್ಕಿಂತ ಬಹಳ ಕಡಿಮೆ. ರಾತ್ರಿ ದೀಪ ಹಾಕಿದರೆ ಕವಲು, ಹಿಪ್ಪೆಗಳ ಹೂವಿಗೆ ಬರುವ ಬಾವಲಿ ಮತ್ತು ಪತಂಗಗಳು ದೂರವಾಗುತ್ತವೆ ಎಂಬುದನ್ನು ದೀಪದ ಕಂಬದ ಮೇಲೆ ಒತ್ತಾಯ ಮಾಡುವವರಿಗೆ ತಿಳಿಸಬೇ‍ಕು.

ಮುಚ್ಚುವ ನೆಲದಲ್ಲಿ ಏನಿದೆ ಎಂಬುದು ಎಷ್ಟೋ ಸಲ ಮಾರ್ಚ್ ತಿಂಗಳಲ್ಲಿ ಕಾಣುವುದೂ ಇಲ್ಲ. ಕಾಡು ಈರುಳ್ಳಿಯ ಗಡ್ಡೆ ಚಳಿಗಾಲವಿಡೀ ಎಲೆಯಿಲ್ಲದೆ ಮಣ್ಣಿನ ಒಳಗಿರುತ್ತದೆ. ಬಿಸಿಲು ಬಲಿತ ಮೇಲೆ ಬರಿಯ ನೆಲದಿಂದ ಎಲೆಯಿಲ್ಲದ ಒಂದು ದಂಟು ಮೊಣಕಾಲೆತ್ತರ ಏಳುತ್ತದೆ, ಅದರ ಮೇಲೆ ಮಂಕು ಬಣ್ಣದ ಸಣ್ಣ ಹೂಗಳು. ಎಲೆ ಬರುವುದು ಮಳೆಯ ಜೊತೆಗೆ, ಆಗ ಹೂವು ಇರುವುದಿಲ್ಲ. ಈ ಕಾರಣದಿಂದ ಯುಗಾದಿಯ ನಂತರದ ಮೂರನೆಯ ನಡಿಗೆಯನ್ನು ಬಿಡಬಾರದು. ಕಾಡು ಈರುಳ್ಳಿಯ ಹೂವು ಅರಳುವುದು ಸಂಜೆಯಾದುದರಿಂದ, ಆನೆಯ ಭಯವಿಲ್ಲದ ಗೋಮಾಳದ ಭಾಗವನ್ನಾದರೂ ಆ ದಿನ ಹೊತ್ತು ಇಳಿದ ಮೇಲೆ, ಕತ್ತಲಾಗುವುದರೊಳಗೆ ನಡೆದು ಬರೆಯತಕ್ಕದ್ದು.